ಮೆಟ್ಟಿಲ ಕೆಳಗಿನ ಬಾಗಿಲು: ನಂದಿನಿ ಲೇಔಟಿನಲ್ಲಿ ಕೂತು ‘ದಿ ಹೆಲ್ಪ್’ ಓದು

ಕ್ಯಾಥರಿನ್ ಸ್ಟಾಕೆಟ್ ಅವರ ‘ದಿ ಹೆಲ್ಪ್’ (2009) ಕಾದಂಬರಿಯ ಜಗಳ ಹುಟ್ಟುವುದು ಒಂದು ಕಕ್ಕಸಿನಿಂದ. ಅದು 1962ರ ಮಿಸಿಸಿಪ್ಪಿಯ ಜಾಕ್ಸನ್ ಪಟ್ಟಣ. ಬಿಳಿಯರ ಪ್ರತಿ ಮನೆಯಲ್ಲೂ ಕಪ್ಪು ಕೆಲಸದಾಕೆಗೆ ಬೇರೆಯೇ ಶೌಚಾಲಯ ಇರಬೇಕೆಂದು ಹಿಲಿ ಎಂಬ ಗೃಹಿಣಿ ಮಸೂದೆಯನ್ನೇ ಸಿದ್ಧಪಡಿಸುತ್ತಾಳೆ. ಅವಳ ಗೆಳತಿ ಗ್ಯಾರೇಜಿನಲ್ಲಿ ಅಂಥದೊಂದನ್ನು ಕಟ್ಟಿಸಿಯೂ ಬಿಡುತ್ತಾಳೆ. ಆ ಮನೆಯ ಮಗುವನ್ನು ಎತ್ತಿ ಆಡಿಸುವ, ಉಣಿಸಿ ಮಲಗಿಸುವ ಐಬಿಲೀನ್ ಇನ್ನು ಅಲ್ಲಿಗೇ ಹೋಗಬೇಕು.

ಬೆಂಗಳೂರಿನ ನಂದಿನಿ ಲೇಔಟಿನವರಿಗೆ ಈ ಗ್ಯಾರೇಜು ಹೊಸದಲ್ಲ. 30x40 ಸೈಟಿನ ಹಳೆಯ ಮನೆಗಳಲ್ಲಿ ತಾರಸಿಗೆ ಹತ್ತುವ ಹೊರಮೆಟ್ಟಿಲ ಕೆಳಗೆ, ತಲೆ ಬಗ್ಗಿಸಿ ನುಗ್ಗಬೇಕಾದ ಪುಟ್ಟ ಕಕ್ಕಸನ್ನು ಯಾರಾದರೂ ನೋಡಿರಬಹುದು. ಯಾರಿಗೆಂದು ಪ್ಲಾನಿನಲ್ಲಿ ಬರೆದಿರುವುದಿಲ್ಲ. ಕೇಳಿದರೆ ‘ಹೊರಗಿನವರಿಗೆ’ ಅನ್ನುತ್ತಾರೆ. ಹಿಲಿಗೆ ಮಸೂದೆ ಬೇಕಾಯಿತು, ನಮಗೆ ಮೇಸ್ತ್ರಿ ಸಾಕಾದ.

ಕಾನೂನು ಇಲ್ಲಿ ಬಾರದೆ ಇರಲಿಲ್ಲ. ಸಂವಿಧಾನದ 17ನೇ ವಿಧಿಯ ಬೆನ್ನಿಗೆ ಬಂದ 1955ರ ಅಸ್ಪೃಶ್ಯತೆ (ಅಪರಾಧಗಳು) ಕಾಯ್ದೆ ಹೋಟೆಲು, ಧರ್ಮಛತ್ರಗಳ ಪಾತ್ರೆಗಳನ್ನು ಹೆಸರಿಸಿತು. ಮನೆಯ ಒಗೆಯುವ ಕಲ್ಲಿನ ಮೇಲೆ ಕೆಲಸದಾಕೆಗೆಂದೇ ಬೋರಲು ಹಾಕಿಟ್ಟ ಸ್ಟೀಲ್ ಲೋಟ ಅದರ ಕಣ್ಣಿಗೆ ಬೀಳಲಿಲ್ಲ. 2004ರಲ್ಲಿ ಕರ್ನಾಟಕ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದಾಗಲೂ ಲೆಕ್ಕಕ್ಕೆ ಬಂದದ್ದು ಕೂಲಿ, ಲೋಟವಲ್ಲ.

ಯಾರ ಬಾಯಿಂದ ಕಥೆ ಎಂಬ ತಕರಾರನ್ನು ಸ್ಟಾಕೆಟ್ ಎದುರಿಸಲೇಬೇಕಾಯಿತು. ಐಬಿಲೀನ್ ಮತ್ತು ಇನ್ನೊಬ್ಬ ಕೆಲಸದಾಕೆ ಮಿನ್ನಿ ತಮ್ಮ ಆಡುಮಾತಿನಲ್ಲೇ ಹೇಳಿಕೊಳ್ಳುತ್ತಾರೆ, ನಿಜ. ಆದರೆ ಕಥೆಯೊಳಗೆ ಅದನ್ನು ಬರೆದುಕೊಳ್ಳುವವಳೂ ಬಿಳಿಯಳು, ಕಥೆಯ ಹೊರಗಿನ ಲೇಖಕಿಯೂ ಬಿಳಿಯಳು. 2011ರಲ್ಲಿ ಸಿನಿಮಾ ಬಂದಾಗ ಕಪ್ಪು ಮಹಿಳಾ ಇತಿಹಾಸಕಾರರ ಸಂಘ ಬಹಿರಂಗವಾಗಿಯೇ ಆಕ್ಷೇಪಿಸಿತು. ಕನ್ನಡದಲ್ಲಿ ‘ಚೋಮನ ದುಡಿ’ಯಿಂದ (1933) ‘ಕುಸುಮಬಾಲೆ’ಗೆ ಬರುವಷ್ಟರಲ್ಲಿ ಈ ಮಧ್ಯವರ್ತಿ ಕಳಚಿಬಿದ್ದ. ಕಾರಂತರು ಚೋಮನನ್ನು ಕರುಣೆಯಿಂದ, ಆದರೆ ಹೊರಗಿನಿಂದ ಕಂಡರು. ದೇವನೂರ ಮಹಾದೇವ ನಂಜನಗೂಡು ಸೀಮೆಯ ಮಾತಿನಲ್ಲೇ ಕಥನವನ್ನೂ ಕಟ್ಟಿದರು. ಎರಡೂ ಹಳ್ಳಿಯ ಕಥೆಗಳು. ಮೂರು ಮನೆ ಮುಸುರೆಗೆಂದು ಬೆಳಿಗ್ಗೆ ಲಗ್ಗೆರೆಯಿಂದ ನಡೆದು ಬರುವಾಕೆಯದು ಬೇರೆ ಹಾದಿ.

ಬಣ್ಣವನ್ನು ಜಾತಿಗೆ ಸಮ ಎಂದುಕೊಂಡು ಈ ಕಾದಂಬರಿಯನ್ನು ಓದುವವರು ಮಿನ್ನಿಯ ಪ್ರಸಂಗದಲ್ಲಿ ಎಡವುತ್ತಾರೆ. ಅವಮಾನಕ್ಕೆ ಸೇಡಾಗಿ ಅವಳು ತನ್ನ ಮಲ ಬೆರೆಸಿದ ಚಾಕೊಲೇಟ್ ಪೈಯನ್ನು ಹಿಲಿಗೆ ತಿನ್ನಿಸುತ್ತಾಳೆ. ಇಡೀ ಕಥೆಯ ಕೀಲು ಅದು. ಆ ಕೀಲು ತಿರುಗಬೇಕಾದರೆ ಕಪ್ಪು ಕೈಗೆ ಬಿಳಿಯರ ಒಲೆ ಮೊದಲೇ ಸಿಕ್ಕಿರಬೇಕು. ಜಾಕ್ಸನ್ನಿನಲ್ಲಿ ಅವಳ ಕೈ ಒಳಗೆ, ಮೈ ಹೊರಗೆ. ನಮ್ಮಲ್ಲಿ ಕೈಯೇ ಮೊದಲು ಹೊರಗೆ: ಅಡುಗೆಯವರು ಬೇರೆ, ಕಸಮುಸುರೆಯವರು ಬೇರೆ. ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ‘ನೀನು ಯಾವ ಪೈಕಿನಮ್ಮಾ?’ ಎಂದು ಕೇಳುವುದೂ ಉಂಟು. ಬಣ್ಣದಂತೆ ಜಾತಿ ಕಣ್ಣಿಗೆ ಕಾಣದಲ್ಲ! ಹಾಗಾಗಿ ಮಿನ್ನಿಯ ಸೇಡು ಇಲ್ಲಿನ ಮುಸುರೆಯಾಕೆಗೆ ದಕ್ಕದು. ಅವಳ ಕೈಗೆ ಬರುವುದು ಒಲೆಯಲ್ಲ, ಉಂಡೆದ್ದ ತಟ್ಟೆ. ರಾತ್ರಿ ಯಾರು ಉಣ್ಣದೆ ಮಲಗಿದರು, ಯಾರ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು, ಮಡಿ ಮಾತಾಡುವ ಮನೆಗೆ ಪಾರ್ಸೆಲ್ ಎಲ್ಲಿಂದ ಬಂತು, ಎಲ್ಲವೂ ಸಿಂಕಿನ ಮುಂದೆ ನಿಂತವಳಿಗೆ ಗೊತ್ತು.