ಡಯಲ್ ಮೇಲಿನ ಖಂಜರ್

ರುಸೈಲ್ ಅಂದ್ರೆ ಕಾರ್ಖಾನೆಗಳ ಊರು. ಮಸ್ಕತ್ ಹತ್ತಿರ, ಸೀಬ್ ಪ್ರಾಂತದಲ್ಲಿ, 1980ರ ದಶಕದಲ್ಲಿ ಎದ್ದ ಕೈಗಾರಿಕಾ ಪ್ರದೇಶ. ಅಲ್ಲಿ ದುಡಿಯುವ ನಮ್ಮವರಿಗೆ ಖಂಜರ್ ಏನು ಅಂತ ಹೇಳಿಕೊಡಬೇಕಾಗಿಲ್ಲ. ಬಾಗಿದ ಒರೆಯ ಕಠಾರಿ, ಅದರ ಹಿಂದೆ ಅಡ್ಡಡ್ಡ ಇಟ್ಟ ಎರಡು ಕತ್ತಿ. ಬಾವುಟದಲ್ಲಿ ಇದೆ, ನೋಟಿನ ಮೇಲೆ ಇದೆ, ಸರ್ಕಾರಿ ಕಾಗದದಲ್ಲಿ ಇದೆ. ಇದೇ ಗುರುತು ಕೆಲವು ಹಳೆಯ ಸ್ವಿಸ್ ವಾಚುಗಳ ಮುಖದ ಮೇಲೂ ಇದೆ. ಈ ಕಂತಿನ ಕಥೆ ಆ ವಾಚುಗಳದ್ದು, ಮತ್ತು ಅವುಗಳ ಹೆಸರಲ್ಲಿ ಇಂಟರ್‌ನೆಟ್‌ನಲ್ಲಿ ಮಾರಾಟವಾಗುವ ಬೆರಕೆ ವಾಚುಗಳದ್ದು.

ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದದ್ದು 1970ರ ಜುಲೈ 23ರಂದು. ಆಗ ದಕ್ಷಿಣದ ಧೋಫಾರ್‌ನಲ್ಲಿ ಯುದ್ಧ ನಡೀತಾ ಇತ್ತು, ಬ್ರಿಟಿಷ್ ಅಧಿಕಾರಿಗಳು ಸುಲ್ತಾನರ ಪಡೆಯ ಜೊತೆಗಿದ್ದರು. ಸೇವೆ ಮಾಡಿದವರಿಗೆ, ಅತಿಥಿಗಳಿಗೆ ವಾಚು ಕೊಡುವ ಪದ್ಧತಿ ಬೆಳೆಯಿತು. ಅಂಥ ರೋಲೆಕ್ಸ್‌ಗಳಲ್ಲಿ ಅನೇಕವು ಲಂಡನ್ನಿನ ಆಸ್ಪ್ರೇ ಎಂಬ ಹಳೆಯ ಅಂಗಡಿಯ ಮೂಲಕ ಬಂದವು. ಕೆಲವುದರ ಡಯಲ್ ಮೇಲೆ ಖಂಜರ್, ಕೆಲವುದರ ಮೇಲೆ ಅರಬ್ಬಿಯಲ್ಲಿ ‘ಖಾಬೂಸ್’ ಎಂಬ ಸಹಿ. ಅವುಗಳಲ್ಲಿ ಡೇಟೋನಾ ಎಂಬ ಕ್ರೋನೋಗ್ರಾಫ್ ಕೂಡ ಇತ್ತು. ಕ್ರೋನೋಗ್ರಾಫ್ ಅಂದ್ರೆ ಸ್ಟಾಪ್‌ವಾಚ್ ಒಳಗಿರುವ ಕೈಗಡಿಯಾರ. ಬದಿಯಲ್ಲಿ ಎರಡು ಗುಂಡಿ, ಮುಖದಲ್ಲಿ ಸಣ್ಣ ಸಣ್ಣ ವೃತ್ತ.

ಡೇಟೋನಾ 1963ರಲ್ಲಿ ಮಾರುಕಟ್ಟೆಗೆ ಬಂದಾಗ ಕೇಳುವವರಿರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ನಟ ಪಾಲ್ ನ್ಯೂಮನ್ ಕಟ್ಟಿಕೊಂಡಿದ್ದ ಡೇಟೋನಾ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರ್‌ಗೆ ಹೋಯಿತು. ಈಗ ಒಂದು ಡಯಲ್ಲಿಗೆ ಉಳಿದ ಇಡೀ ವಾಚಿಗಿಂತ ಹೆಚ್ಚು ಬೆಲೆ ಬರುವುದುಂಟು. ಹಾಗಿದ್ದಮೇಲೆ ಸಾಮಾನ್ಯ ಡಯಲ್ ಮೇಲೆ ಆಮೇಲೆ ಒಂದು ಖಂಜರ್ ಅಚ್ಚು ಹಾಕಿದರೆ ಏನಾಗುತ್ತೆ, ನೀವೇ ಊಹಿಸಿ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ‘ಅಸಲಿ’ ಬೇರೆ, ‘ಮೂಲ’ ಬೇರೆ. ಕಂಪನಿಯೇ ಮಾಡಿದ ಭಾಗ ಅಸಲಿ. ಆ ವಾಚು ಕಾರ್ಖಾನೆಯಿಂದ ಹೊರಟಾಗ ಅದರಲ್ಲೇ ಇದ್ದ ಭಾಗ ಮೂಲ. ವಾಚು ಸರ್ವಿಸ್‌ಗೆ ಹೋದಾಗ ಮಾಸಿದ ಡಯಲ್, ತುಕ್ಕು ಹಿಡಿದ ಮುಳ್ಳು ತೆಗೆದು ಹೊಸದು ಹಾಕಿ ಕೊಡೋದು ಆಗೆಲ್ಲ ಒಳ್ಳೆಯ ಕೆಲಸವೇ ಆಗಿತ್ತು. ವಾಚು ಇದ್ದದ್ದು ಟೈಮ್ ನೋಡೋಕೆ ತಾನೇ! ನಮ್ಮ ಬೆಂಗಳೂರಿನ ಎಚ್‌ಎಂಟಿಯನ್ನೇ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಶುರುವಾದ ಕಾರ್ಖಾನೆ. ಇವತ್ತು ಇಂಟರ್‌ನೆಟ್‌ನಲ್ಲಿ ಕಾಣುವ ಬಣ್ಣಬಣ್ಣದ ‘ಹಳೆಯ’ ಎಚ್‌ಎಂಟಿಗಳಲ್ಲಿ ಎಷ್ಟೋ ಡಯಲ್‌ಗಳು ಹೊಸದಾಗಿ ಬಣ್ಣ ಹೊಡೆದವು. ಅಜ್ಜನ ವಾಚಿಗೆ ಹೊಸ ಡಯಲ್ ಹಾಕಿಸಿದ್ದರೆ ಯಾರದ್ದೂ ತಪ್ಪಿಲ್ಲ. ಅದನ್ನೇ ‘ಪೂರ್ತಿ ಮೂಲ’ ಅಂತ ಬರೆದು ಮಾರಿದರೆ ಮಾತ್ರ ಮೋಸ.

ಹಾಗಾದರೆ ಫೋಟೋದಲ್ಲಿ ಏನು ನೋಡಬೇಕು? ನಾನು ಮೊದಲು ರಾತ್ರಿ ಹೊಳೆಯುವ ಚುಕ್ಕೆಗಳನ್ನು ನೋಡ್ತೀನಿ. 1970ರ ದಶಕದಲ್ಲಿ ಅವಕ್ಕೆ ಟ್ರಿಷಿಯಂ ಬಳಸುತ್ತಿದ್ದರು. ಡಯಲ್ಲಿನ ತಳದಲ್ಲಿ ‘ಸ್ವಿಸ್’ ಪದದ ಎರಡೂ ಕಡೆ ‘ಟಿ’ ಅಕ್ಷರ ಇರುವುದು ಅದಕ್ಕೇ. ಟ್ರಿಷಿಯಂ ಸುಮಾರು 12.3 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಐವತ್ತು ವರ್ಷ ಕಳೆದರೆ ನೂರರಲ್ಲಿ ಆರು ಭಾಗ ಉಳಿದಿರುತ್ತೆ, ಅಷ್ಟೆ. ಟಾರ್ಚ್ ಹಾಯಿಸಿದರೆ ಒಂದು ಕ್ಷಣ ಮಿನುಗಿ ಆರಬಹುದು. 1974ರದ್ದು ಅಂತ ಮಾರುವ ವಾಚು ಗಂಟೆಗಟ್ಟಲೆ ಹಸಿರಾಗಿ ಹೊಳೆಯುತ್ತಿದ್ದರೆ ಆ ಬಣ್ಣ ಆಮೇಲೆ ತುಂಬಿದ್ದು, ಇಲ್ಲವೇ ಇಡೀ ಡಯಲ್ ಬದಲಾಗಿದೆ. ಚುಕ್ಕೆ ಹಳದಿ, ಮುಳ್ಳು ಬೆಳ್ಳಗೆ ಇದ್ದರೆ ಎರಡೂ ಒಟ್ಟಿಗೆ ಮುದುಕಾಗಿಲ್ಲ ಅಂತ ಅರ್ಥ.

ಆಮೇಲೆ ಗುಂಡಿಗಳು. ಮೊದಲ ಡೇಟೋನಾಗಳಲ್ಲಿ ಸುಮ್ಮನೆ ಒತ್ತುವ ಗುಂಡಿ. 6263, 6265 ಸಂಖ್ಯೆಯ ಮಾದರಿಗಳಲ್ಲಿ ತಿರುಪಿನಂತೆ ಬಿಗಿಯುವ ಗುಂಡಿ, ನೀರು ಒಳಗೆ ಹೋಗದ ಹಾಗೆ. ‘ಆಯ್ಸ್ಟರ್’ ಎಂಬ ಪದ ಸಾಮಾನ್ಯವಾಗಿ ಈ ಎರಡನೆಯ ಜಾತಿಯ ಡಯಲ್ ಮೇಲೇ ಇರುವುದು. ಒತ್ತುವ ಗುಂಡಿಯ ವಾಚಿನಲ್ಲಿ ಆ ಪದ ಕಂಡರೆ, ಡಯಲ್ ಬೇರೆ ಮನೆಯಿಂದ ಬಂತಾ ಅಂತ ಕೇಳಿ. ಒಳಗಿನ ಯಂತ್ರವೂ ಹೊಂದಬೇಕು: 1988ರವರೆಗೆ ಡೇಟೋನಾಗೆ ಕೈಯಿಂದ ಕೀ ಕೊಡಬೇಕಿತ್ತು, ಯಂತ್ರದ ಮೂಲ ವಾಲ್ಝೂ 72. ತಾನೇ ಕೀ ತುಂಬಿಕೊಳ್ಳುವ ಡೇಟೋನಾ ಬಂದದ್ದೇ ಆ ವರ್ಷ. ಹಾಗಾಗಿ ‘1975ರ ಆಟೋಮ್ಯಾಟಿಕ್ ಖಂಜರ್ ಡೇಟೋನಾ’ ಅನ್ನೋ ಜಾಹೀರಾತು ಕಂಡರೆ ಮುಂದೆ ಓದಬೇಡಿ.

ಎಲ್ಲಕ್ಕಿಂತ ಕಷ್ಟ ಖಂಜರನ್ನೇ ಪರೀಕ್ಷಿಸೋದು. ಡಯಲ್ ಅಸಲಿ, ಯಂತ್ರ ಅಸಲಿ, ಕೇಸ್ ಅಸಲಿ, ಖಂಜರ್ ಒಂದೇ ಹೊಸದು ಆಗಿರಬಹುದು. ಉಳಿದ ಅಕ್ಷರ ಐವತ್ತು ವರ್ಷ ಬಿಸಿಲು ಕಂಡಿದ್ದು, ಖಂಜರ್ ಮಾತ್ರ ನಿನ್ನೆ ಮೊನ್ನೆ ಅಚ್ಚಾದಂತೆ ಇದೆಯೇ? ಗೆರೆಗಳ ಅಂಚು ಭೂತಗನ್ನಡಿಯಲ್ಲಿ ಹರಡಿಕೊಂಡು ಕಾಣುತ್ತದೆಯೇ? ಹರಾಜಿನಲ್ಲಿ ಹೋದ ಇಂಥದ್ದೇ ವಾಚಿನ ಚಿತ್ರದ ಪಕ್ಕ ಇಟ್ಟು ಹೋಲಿಸಿ ನೋಡಬೇಕು.

ಇದರ ಇನ್ನೊಂದು ಮುಖ ನನ್ನನ್ನು ಹೆಚ್ಚು ಕಾಡುತ್ತೆ. ಉಡುಗೊರೆ ಬಂದ ವಾಚನ್ನು ಯಾರೋ ಸರ್ವಿಸ್‌ಗೆ ಕೊಟ್ಟು, ಹೊಳೆಯುವ ಹೊಸ ಡಯಲ್ ಹಾಕಿಸಿಕೊಂಡು ಖುಷಿಯಾಗಿ ಮನೆಗೆ ಹೋಗಿದ್ದರೆ? ಕೇಸಿನ ಕ್ರಮಸಂಖ್ಯೆ ಹಾಗೇ ಇರುತ್ತೆ. ಯಾರು ಕೊಟ್ಟರು ಅನ್ನೋದು ಬರೆದಿದ್ದ ಜಾಗ ಮಾತ್ರ ಹೋಗಿರುತ್ತೆ. ಅದಕ್ಕೇ, ರುಸೈಲ್‌ನಲ್ಲೋ ಮಸ್ಕತ್‌ನಲ್ಲೋ ನಿಮ್ಮ ಮನೆಯಲ್ಲಿ ಹಳೆಯ ವಾಚು ಇದ್ದರೆ, ರಿಪೇರಿಗೆ ಕೊಡುವಾಗ ಚೀಟಿಯಲ್ಲಿ ಬರೆಸಿ: ಡಯಲ್ ಬದಲಿಸಬೇಡಿ, ಕೇಸಿಗೆ ಪಾಲಿಶ್ ಬೇಡ, ತೆಗೆದ ಭಾಗವನ್ನೆಲ್ಲ ಪೊಟ್ಟಣ ಕಟ್ಟಿ ವಾಪಸ್ ಕೊಡಿ.