ಸಿಹಿನೀರಿಗೆ ಹಡಗು ಕಳಿಸುತ್ತಿದ್ದ ಊರು

ನಮ್ಮ ಕರಾವಳಿಯಲ್ಲಿ ಕುವೈತಿನ ಹೆಸರು ಕೇಳದವರು ಯಾರಿದ್ದಾರೆ? ಉಡುಪಿ, ಮಂಗಳೂರು ಕಡೆಯ ಎಷ್ಟೋ ಮನೆಗಳ ಹೆಂಚಿನ ಮಾಡು ತಾರಸಿಯಾದದ್ದು, ಎಷ್ಟೋ ಹೆಣ್ಣುಮಕ್ಕಳ ಮದುವೆ ನಡೆದದ್ದು ಅಲ್ಲಿಂದ ಬಂದ ಹಣದಿಂದ. ಕುವೈತ್ ಎಂದೊಡನೆ ಅಗಲವಾದ ರಸ್ತೆ, ತಣ್ಣನೆಯ ಕೋಣೆ, ಮುಗಿಯದ ಎಣ್ಣೆ ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಆ ಊರಿನವರು ಕುಡಿಯುವ ನೀರನ್ನು ಕೂಡ ಹಾಯಿಹಡಗಿನಲ್ಲಿ ಹೊರಗಿನಿಂದ ತರಿಸುತ್ತಿದ್ದರು ಎಂದರೆ ಎಷ್ಟು ಮಂದಿ ನಂಬಿಯಾರು?

ಕುವೈತಿನಲ್ಲಿ ನದಿಯಿಲ್ಲ, ಕೆರೆಯಿಲ್ಲ. ಪಟ್ಟಣದ ಸುತ್ತಲಿನ ಬಾವಿಗಳ ನೀರು ಹೆಚ್ಚಾಗಿ ಉಪ್ಪು. ಜನಸಂಖ್ಯೆ ಬೆಳೆದಂತೆ ಅದೂ ಸಾಲದಾಯಿತು. ಆಗ ವ್ಯಾಪಾರಿಗಳು ಉತ್ತರದಲ್ಲಿರುವ ಶತ್ತುಲ್ ಅರಬ್‌ಗೆ ಹಡಗು ಕಳಿಸತೊಡಗಿದರು. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಕೂಡಿ ಹರಿಯುವ ಜಾಗ ಅದು. ಹಡಗಿನೊಳಗಿನ ಮರದ ತೊಟ್ಟಿಗಳಲ್ಲಿ ನೀರು ತುಂಬಿ ತಂದು ದಡದಲ್ಲಿ ಮಾರುತ್ತಿದ್ದರು. ಅಲ್ಲಿಂದ ಅದು ಚರ್ಮದ ಚೀಲಗಳಲ್ಲಿ, ಕತ್ತೆಗಳ ಬೆನ್ನ ಮೇಲೆ ಮನೆಮನೆಗೆ ಹೋಗುತ್ತಿತ್ತು. ಗಾಳಿ ಎದುರಾಗಿ ಹಡಗು ತಡವಾದರೆ ನೀರಿನ ಬೆಲೆ ಏರುತ್ತಿತ್ತು. ಅಪರೂಪಕ್ಕೆ ಮಳೆ ಬಿದ್ದ ದಿನ ಮಾಡಿನ ಮೇಲಿನ ನೀರು ಒಂದು ಹನಿಯೂ ಪೋಲಾಗದಂತೆ ಅಂಗಳದ ತೊಟ್ಟಿಗೆ ಇಳಿಸುತ್ತಿದ್ದರು. ವರ್ಷಕ್ಕೆ ನಾಲ್ಕು ತಿಂಗಳು ಮಳೆಯಲ್ಲಿ ತೋಯುವ ನಮಗೆ ಆ ಬದುಕಿನ ಬಿಗಿ ಊಹೆಗೆ ನಿಲುಕುವುದು ಕಷ್ಟ.

ಮುತ್ತು ಮತ್ತು ಸಾಲ

ನೆಲ ಏನನ್ನೂ ಕೊಡದಿದ್ದುದರಿಂದ ಊರು ಕಡಲಿನತ್ತ ಮುಖ ಮಾಡಿತ್ತು. ಬೇಸಿಗೆಯ ನಾಲ್ಕು ತಿಂಗಳು ಮುತ್ತಿನ ಬೇಟೆ. 1912ರಲ್ಲಿ, ಅದರ ಉಚ್ಛ್ರಾಯದ ದಿನಗಳಲ್ಲಿ, ಸುಮಾರು 800 ದೋಣಿಗಳು ಕುವೈತಿನಿಂದ ಹೊರಟಿದ್ದವು. ಮುಳುಗುವವನು ಮೂಗಿಗೆ ಚಿಮುಟಿಗೆ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ, ಕೊರಳಿಗೆ ಬುಟ್ಟಿ ತೂಗಿಸಿಕೊಂಡು ಇಳಿಯುತ್ತಿದ್ದ. ಮೇಲೆ ಹಗ್ಗ ಹಿಡಿದ ಜೊತೆಗಾರನ ಕೈಯಲ್ಲಿ ಅವನ ಜೀವ. ಹೀಗೆ ದಿನಕ್ಕೆ ಹತ್ತಾರು ಬಾರಿ. ಹೊಟ್ಟೆ ತುಂಬಿದರೆ ಮುಳುಗಲಾಗದು. ಹಾಗಾಗಿ ಬೆಳಿಗ್ಗೆ ಖರ್ಜೂರ ಮತ್ತು ಕಾಫಿ, ಊಟ ರಾತ್ರಿಗೆ ಮಾತ್ರ. ದಡದಲ್ಲಿ ಕಾಯುವ ಹೆಂಗಸರು ಋತುವಿನ ಕೊನೆಗೆ ಕಡಲ ತೀರಕ್ಕೆ ಬಂದು, ಗಂಡಸರನ್ನು ಹಿಂದಿರುಗಿಸೆಂದು ಕಡಲನ್ನೇ ಬೇಡಿಕೊಳ್ಳುತ್ತಿದ್ದರು.

ಇಷ್ಟು ಕಷ್ಟಪಟ್ಟವನಿಗೆ ಸಿಕ್ಕಿದ್ದೇನು? ಖರ್ಚು ಕಳೆದು ಉಳಿದದ್ದರಲ್ಲಿ ಮುಳುಗುವವನಿಗೆ ಮೂರು ಪಾಲು, ಹಗ್ಗ ಎಳೆಯುವವನಿಗೆ ಎರಡು ಪಾಲು ಎಂಬ ಲೆಕ್ಕವೇನೋ ಇತ್ತು. ಆದರೆ ಹೊರಡುವ ಮುನ್ನ ಮನೆಯ ಖರ್ಚಿಗೆಂದು ಹಡಗಿನ ಯಜಮಾನ ‘ನಖೋದ’ನಿಂದ ಮುಂಗಡ ಪಡೆದಿರುತ್ತಿದ್ದ. ಮುತ್ತು ಕಡಿಮೆ ಸಿಕ್ಕ ವರ್ಷ ಆ ಮುಂಗಡ ಸಾಲವಾಗಿ ಉಳಿಯುತ್ತಿತ್ತು. ಸಾಲ ತೀರುವವರೆಗೆ ಬೇರೆ ನಖೋದನ ದೋಣಿ ಹತ್ತುವಂತಿಲ್ಲ. ತಂದೆ ತೀರಿಕೊಂಡರೆ ಸಾಲ ಮಗನ ಹೆಗಲಿಗೆ. ನಖೋದನೂ ಸ್ವತಂತ್ರನಲ್ಲ, ಅವನು ದೊಡ್ಡ ವ್ಯಾಪಾರಿಯ ಸಾಲಗಾರ. 1938-39ರಲ್ಲಿ ಕುವೈತಿನ ಹಡಗಿನಲ್ಲಿ ಪಯಣಿಸಿದ ಆಸ್ಟ್ರೇಲಿಯಾದ ನಾವಿಕ ಲೇಖಕ ಅಲನ್ ವಿಲಿಯರ್ಸ್ ತಮ್ಮ ‘ಸನ್ಸ್ ಆಫ್ ಸಿಂದ್‌ಬಾದ್’ ಕೃತಿಯಲ್ಲಿ ಈ ಸಾಲದ ಸರಪಳಿಯನ್ನು ಕಣ್ಣಾರೆ ಕಂಡಂತೆ ದಾಖಲಿಸಿದ್ದಾರೆ.

ರೂಪಾಯಿ ನಡೆಯುತ್ತಿದ್ದ ನಾಡು

ಆ ಕಾಲದಲ್ಲಿ ಕುವೈತಿನವರು ದುಡಿಮೆಗಾಗಿ ನಮ್ಮ ಕಡೆಗೆ ಬರುತ್ತಿದ್ದರು. ಅವರ ಹಾಯಿಹಡಗುಗಳು ಬಸ್ರಾದ ಖರ್ಜೂರ ಹೊತ್ತು ಕರಾಚಿ, ಮುಂಬಯಿ ದಾಟಿ ನಮ್ಮ ಪಶ್ಚಿಮ ಕರಾವಳಿಗೆ, ಮಲಬಾರಿಗೆ ಬಂದು ಮರ, ತೆಂಗಿನ ನಾರಿನ ಹಗ್ಗ, ಅಕ್ಕಿ, ಸಂಬಾರ ಪದಾರ್ಥ ಕೊಂಡೊಯ್ಯುತ್ತಿದ್ದವು. ಅವರ ಹಡಗುಗಳ ಮೈಯೇ ನಮ್ಮ ಸಾಗುವಾನಿ. ಅವರ ಮುತ್ತಿಗೆ ದೊಡ್ಡ ಪೇಟೆ ಮುಂಬಯಿ. ಅಲ್ಲಿನ ಅಂಗಡಿಗಳಲ್ಲಿ ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿ. ಅಂಚೆಗೆ ಹಚ್ಚುತ್ತಿದ್ದದ್ದು ಕುವೈತ್ ಎಂದು ಮೇಲೆ ಮುದ್ರೆಯೊತ್ತಿದ ಭಾರತದ ಅಂಚೆಚೀಟಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಪ್ರತ್ಯೇಕ ರೂಪಾಯಿ ನೋಟು ಹೊರಡಿಸಿತು. 1961ರ ಏಪ್ರಿಲ್‌ನಲ್ಲಿ ಕುವೈತಿ ದಿನಾರ್ ಬಂದಾಗ ಒಂದು ದಿನಾರಿಗೆ ಹದಿಮೂರು ರೂಪಾಯಿ ಚಿಲ್ಲರೆ. ಇಂದು ದಿನಾರಿನ ಬೆಲೆ ಕೇಳಿ ಬೆರಗಾಗುವವರು ಈ ಲೆಕ್ಕವನ್ನೂ ನೆನಪಿಡುವುದು ಒಳ್ಳೆಯದು.

ಮುತ್ತಿನ ವ್ಯಾಪಾರ ಮುಳುಗಿದ್ದು ಎರಡು ಪೆಟ್ಟುಗಳಿಂದ. ಜಪಾನಿನವರು ಕೃಷಿ ಮಾಡಿ ಬೆಳೆದ ಅಗ್ಗದ ಮುತ್ತು ಮಾರುಕಟ್ಟೆಗೆ ಬಂದದ್ದು ಒಂದು. 1929ರ ನಂತರದ ಜಾಗತಿಕ ಆರ್ಥಿಕ ಕುಸಿತದಲ್ಲಿ ಆಭರಣ ಕೊಳ್ಳುವವರೇ ಇಲ್ಲವಾದದ್ದು ಇನ್ನೊಂದು. ಊರು ಬಡತನದಲ್ಲಿ ನಲುಗಿತು.

ಮರಳಿನಡಿಯ ಎಣ್ಣೆ

1934ರ ಡಿಸೆಂಬರ್‌ನಲ್ಲಿ ಶೇಖ್ ಅಹ್ಮದ್ ಅಲ್ ಜಾಬಿರ್ ಅವರು ಬ್ರಿಟಿಷ್ ಮತ್ತು ಅಮೆರಿಕನ್ ಕಂಪೆನಿಗಳ ಜಂಟಿ ಸಂಸ್ಥೆಯಾದ ಕುವೈತ್ ಆಯಿಲ್ ಕಂಪೆನಿಗೆ ತೈಲ ಹುಡುಕುವ ಹಕ್ಕು ಕೊಟ್ಟರು. ಬಹ್ರಾದಲ್ಲಿ ತೋಡಿದ ಮೊದಲ ಬಾವಿಯಲ್ಲಿ ಲಾಭ ಕಾಣಲಿಲ್ಲ. 1938ರ ಫೆಬ್ರವರಿಯಲ್ಲಿ ಬುರ್ಗಾನ್‌ನಲ್ಲಿ ಎಣ್ಣೆ ಚಿಮ್ಮಿತು. ಅಷ್ಟರಲ್ಲಿ ಮಹಾಯುದ್ಧ. 1942ರಲ್ಲಿ ಬಾವಿಗಳಿಗೆ ಸಿಮೆಂಟ್ ತುಂಬಿ ಮುಚ್ಚಿದರು. ಎಣ್ಣೆ ಕಾಲಡಿಯಲ್ಲೇ ಇದ್ದರೂ ಜನ ಯುದ್ಧಕಾಲದ ಕೊರತೆಯಲ್ಲಿ ದಿನ ದೂಡಿದರು. ಕೊನೆಗೆ 1946ರ ಜೂನ್ 30ರಂದು ಶೇಖ್ ಅಹ್ಮದ್ ಕವಾಟ ತಿರುಗಿಸಿದಾಗ ಮೊದಲ ತೈಲ ಹಡಗು ತುಂಬಿತು.

ನಿಜವಾದ ಮಹಾಪೂರ ಬಂದದ್ದು 1951ರಲ್ಲಿ. ಇರಾನಿನಲ್ಲಿ ಮುಸದ್ದಿಕ್ ಸರಕಾರ ತೈಲವನ್ನು ರಾಷ್ಟ್ರೀಕರಣಗೊಳಿಸಿದಾಗ ಪಾಶ್ಚಾತ್ಯ ಕಂಪೆನಿಗಳು ಆ ಕೊರತೆಯನ್ನು ಕುವೈತಿನಿಂದ ತುಂಬಿಸಿಕೊಂಡವು. ಅದೇ ವರ್ಷ ಲಾಭದ ಅರ್ಧ ಪಾಲು ಕುವೈತಿಗೆಂದು ಒಪ್ಪಂದವಾಯಿತು. ಆಗ ಆಡಳಿತದಲ್ಲಿದ್ದ ಶೇಖ್ ಅಬ್ದುಲ್ಲಾ ಅಸ್ಸಾಲಿಮ್ ಅವರು ಆ ಹಣವನ್ನು ಶಾಲೆ, ಆಸ್ಪತ್ರೆ, ವಸತಿಗೆ ತಿರುಗಿಸಿದರು. ನಾಳೆಗೆಂದು ಒಂದಿಷ್ಟನ್ನು ಕೂಡಿಡಲು 1953ರಲ್ಲೇ ಲಂಡನ್ನಿನಲ್ಲಿ ಹೂಡಿಕೆ ಮಂಡಳಿ ಸ್ಥಾಪನೆಯಾಯಿತು. ಅದೇ ವರ್ಷ ಕಡಲ ನೀರನ್ನು ಸಿಹಿಗೊಳಿಸುವ ಸ್ಥಾವರ ಶುವೈಖ್‌ನಲ್ಲಿ ಆರಂಭವಾಯಿತು. ನೀರಿನ ಹಡಗುಗಳು ದಡದಲ್ಲಿ ನಿಂತವು. ಮುಳುಗುಗಾರರು, ನಾವಿಕರು ಕಂಪೆನಿಯಲ್ಲೋ ಸರಕಾರದಲ್ಲೋ ತಿಂಗಳ ಸಂಬಳಕ್ಕೆ ಸೇರಿದರು. ತಲೆಮಾರುಗಳ ಸಾಲದಿಂದ ಬಿಡುಗಡೆ ಪಡೆದವನಿಗೆ ಇದು ಸಣ್ಣ ವರವೇ?

ಆದರೆ ವರವೂ ಬೆಲೆ ಕೇಳುತ್ತದೆ. 1920ರಲ್ಲಿ ದಾಳಿಯ ಭಯದಿಂದ ಊರವರೆಲ್ಲ ಕೂಡಿ ಕೆಲವೇ ತಿಂಗಳಲ್ಲಿ ಕಟ್ಟಿದ್ದ ಮಣ್ಣಿನ ಕೋಟೆಗೋಡೆಯನ್ನು 1957ರಲ್ಲಿ ಕೆಡವಲಾಯಿತು, ಬಾಗಿಲುಗಳಷ್ಟೇ ಉಳಿದವು. ಗೋಡೆಯೊಳಗಿನ ಹಳೆಯ ಮನೆಗಳನ್ನು ಸರಕಾರ ದುಬಾರಿ ಬೆಲೆ ಕೊಟ್ಟು ಕೊಂಡಿತು. ಆಫ್ರಿಕಾದ ಕಾಂಡ್ಲಾ ಮರದ ತೊಲೆ ಹೊದಿಸಿದ ಮಾಡು, ನಡುವೆ ತೆರೆದ ಅಂಗಳ, ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ನಿದ್ದೆ, ಗೋಡೆಗೆ ಗೋಡೆ ತಾಗಿದ ನೆರೆಮನೆ: ಇವೆಲ್ಲ ಬುಲ್ಡೋಜರಿನಡಿ ಹೋದವು. ಜನ ವರ್ತುಲ ರಸ್ತೆಗಳಾಚೆಯ ಬಡಾವಣೆಗಳಿಗೆ ಚದುರಿದರು. ಮನೆ ದೊಡ್ಡದಾಯಿತು, ನೆರೆಯವನು ದೂರವಾದ.

ಮೂರು ಭಾಗದ ಊರು

ಈ ಸಮೃದ್ಧಿಯ ಹೊತ್ತಲ್ಲಿ ಕಂಪೆನಿ ಕಟ್ಟಿದ ಅಹ್ಮದಿ ಪಟ್ಟಣವನ್ನು ನೋಡಬೇಕು. ಉತ್ತರ ಭಾಗದಲ್ಲಿ ಬ್ರಿಟಿಷ್, ಅಮೆರಿಕನ್ ಅಧಿಕಾರಿಗಳ ಬಂಗಲೆ, ಹುಲ್ಲುಹಾಸು, ಹೂದೋಟ. ಮಧ್ಯದಲ್ಲಿ ಭಾರತ, ಪಾಕಿಸ್ತಾನದ ಗುಮಾಸ್ತರ ಮನೆಗಳು. ದಕ್ಷಿಣದಲ್ಲಿ ಅರಬ್ ಕೂಲಿಗಳ ವಸತಿ. ನೀರಿಗೆ ಬಾಯಾರಿದ ನಾಡಿನಲ್ಲಿ ಯಾರ ಅಂಗಳಕ್ಕೆ ಎಷ್ಟು ಹಸಿರು ಎಂಬುದನ್ನು ಹುದ್ದೆ ನಿರ್ಧರಿಸುತ್ತಿತ್ತು. ಎಣ್ಣೆ ಯಾರದೋ ಆ ನಾಡಿನವರೇ ಕೊನೆಯ ಸಾಲಿನಲ್ಲಿದ್ದರು.

ಮುಂದೆ ಸಾಲು ಬದಲಾಯಿತು, ಸಾಲುಗಳು ಅಳಿಯಲಿಲ್ಲ. 1957ರ ಮೊದಲ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಎರಡು ಲಕ್ಷ ಚಿಲ್ಲರೆ. 1965ರಲ್ಲಿ ಅದು ನಾಲ್ಕೂವರೆ ಲಕ್ಷ ದಾಟಿತ್ತು. ನಾಗರಿಕರು ಆಗಲೇ ಅರ್ಧಕ್ಕಿಂತ ಕಡಿಮೆ. ಫೆಲೆಸ್ತೀನಿನ ಶಿಕ್ಷಕರು, ಈಜಿಪ್ಟಿನ ವೈದ್ಯರು, ಇರಾನಿನ ಕಾರ್ಮಿಕರು, ನಮ್ಮ ಗುಮಾಸ್ತರು ಕೂಡಿ ಹೊಸ ರಾಷ್ಟ್ರವನ್ನು ಕಟ್ಟಿದರು. 1959ರ ಕಾನೂನುಗಳು ಯಾರು ನಾಗರಿಕ, ಯಾರು ಪರದೇಶಿ ಎಂದು ಗೆರೆ ಎಳೆದವು. ಹೊರಗಿನಿಂದ ಬಂದವನು ಮೂವತ್ತು ವರ್ಷ ದುಡಿದರೂ ಅವನ ವಾಸ ಪ್ರಾಯೋಜಕನ ಸಹಿಗೆ ಬದ್ಧ. ಮರಳುಗಾಡಿನ ಎಷ್ಟೋ ಕುಟುಂಬಗಳು ದಾಖಲೆಯಿಲ್ಲದೆ ‘ಬಿದೂನ್’ ಎನಿಸಿ ಯಾವ ದೇಶಕ್ಕೂ ಸೇರದವರಾಗಿ ಉಳಿದವು.

1990ರ ಆಗಸ್ಟ್ 2ರಂದು ಇರಾಕ್ ದಾಳಿ ಮಾಡಿದಾಗ ಈ ಗೆರೆಯ ಅರ್ಥ ನಮ್ಮವರಿಗೆ ಚೆನ್ನಾಗಿ ತಿಳಿಯಿತು. ದುಡಿದು ಕೂಡಿಟ್ಟದ್ದನ್ನು ಬಿಟ್ಟು, ಮರಳುಗಾಡು ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ವಿಮಾನ ಹತ್ತಿದರು. ಕರಾವಳಿಯ ಮನೆಗಳು ಆ ವಾರಗಳನ್ನು ರೇಡಿಯೋ ಪಕ್ಕದಲ್ಲಿ ಕಳೆದವು. ಮರುವರ್ಷ ಹಿಮ್ಮೆಟ್ಟುವ ಸೈನ್ಯ 600ಕ್ಕೂ ಹೆಚ್ಚು ಬಾವಿಗಳಿಗೆ ಬೆಂಕಿಯಿಟ್ಟಿತು. ಕೊನೆಯ ಬೆಂಕಿ ಆರಿದ್ದು 1991ರ ನವೆಂಬರ್‌ನಲ್ಲಿ. ಬಳಿಕ ನಮ್ಮವರು ಮತ್ತೆ ಹೋದರು. ಇಂದು ಅಲ್ಲಿನ ವಿದೇಶೀಯರಲ್ಲಿ ಭಾರತೀಯರೇ ಅತಿ ಹೆಚ್ಚು.

ಕುವೈತಿನ ಗುರುತಾಗಿ ಚಿತ್ರಗಳಲ್ಲಿ ಕಾಣುವ, 1979ರಲ್ಲಿ ತೆರೆದ ಆ ಗೋಪುರಗಳು ಏನೆಂದು ಬಲ್ಲಿರಾ? ಅವುಗಳ ದೊಡ್ಡ ಗೋಳಗಳಲ್ಲಿ ತುಂಬಿರುವುದು ಸಿಹಿನೀರು. ಎಣ್ಣೆಯಿಂದ ಶ್ರೀಮಂತವಾದ ನಾಡು ತನ್ನ ಲಾಂಛನವಾಗಿ ನೀರಿನ ತೊಟ್ಟಿಯನ್ನು ಕಟ್ಟಿಕೊಂಡಿತು. ಅಜ್ಜಂದಿರ ಬಾಯಾರಿಕೆಯನ್ನು ಅದು ಮರೆತಿಲ್ಲ. ಮುಳುಗುಗಾರರ ಬವಣೆಯ ಬಗ್ಗೆ 1972ರಲ್ಲಿ ಖಾಲಿದ್ ಅಲ್ ಸಿದ್ದೀಕ್ ‘ಬಸ್ ಯಾ ಬಹರ್’ ಎಂಬ ಚಲನಚಿತ್ರ ಮಾಡಿದರು. ಮುತ್ತಿನ ಯಾನದ ನೆನಪಿಗೆ ಅಲ್ಲಿ ಉತ್ಸವವನ್ನೂ ನಡೆಸುತ್ತ ಬಂದಿದ್ದಾರೆ.

ನಮ್ಮ ನೆನಪು ಎಲ್ಲಿದೆ? ಒಡವೆ ಅಡವಿಟ್ಟು ವೀಸಾ ಕೊಂಡು, ಮೊದಲ ಎರಡು ವರ್ಷ ಆ ಸಾಲ ತೀರಿಸಲೆಂದೇ ದುಡಿದ ನಮ್ಮ ಹುಡುಗರಿಗೂ, ನಖೋದನ ಮುಂಗಡ ತೀರಿಸಲು ಮುಳುಗುತ್ತಿದ್ದ ಆ ಹುಡುಗರಿಗೂ ಎಷ್ಟು ಅಂತರ? ದಡದಲ್ಲಿ ಕಾಯುವ ಹೆಂಗಸರು ಇಲ್ಲಿಯೂ ಇದ್ದಾರೆ. ಆ ನಾಡಿನ ಸಮೃದ್ಧಿಯ ಚರಿತ್ರೆಯ ಒಂದು ಭಾಗ ನಮ್ಮ ಅಟ್ಟದ ಪೆಟ್ಟಿಗೆಗಳಲ್ಲಿದೆ: ಹಳೆಯ ಪತ್ರ, ಅವಧಿ ಮುಗಿದ ಪಾಸ್‌ಪೋರ್ಟ್, ಧ್ವನಿ ಮುದ್ರಿಸಿ ಕಳಿಸಿದ ಕ್ಯಾಸೆಟ್ಟು, ಡ್ರಾಫ್ಟಿನ ಚೀಟಿ. ಮೊದಲ ತಲೆಮಾರಿನವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಗೆದ್ದಲು ಹಿಡಿಯುವ ಮುನ್ನ ಆ ಪೆಟ್ಟಿಗೆಗಳನ್ನು ತೆರೆದು, ಇದ್ದವರನ್ನು ಕೂರಿಸಿ ಕೇಳಿ ಬರೆದಿಡೋಣ. ಅವರ ದುಡಿಮೆಯ ಲೆಕ್ಕವನ್ನು ನಾವಲ್ಲದೆ ಇನ್ನಾರು ಬರೆಯಬೇಕು?