ಬಾಣಂತಿಯ ಖಿನ್ನತೆಗೆ ಅರವತ್ತು ಗಂಟೆಗಳ ಔಷಧ

ಬಾಣಂತಿಯರ ಮನೋವ್ಯಾಧಿಗಳನ್ನು ಕುರಿತು ಪ್ಯಾರಿಸ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಷ್ಟು ಹಿಂದೆಯೇ ಗ್ರಂಥ ಬರೆದಿದ್ದರೂ, ಹೆರಿಗೆಯ ನಂತರದ ಖಿನ್ನತೆಗೆಂದೇ ಮೀಸಲಾದ ಮೊದಲ ಔಷಧಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಒಪ್ಪಿಗೆ ನೀಡಿದ್ದು 2019ರ ಮಾರ್ಚ್‌ನಲ್ಲಿ. ಬ್ರೆಕ್ಸನೊಲೋನ್ ಎಂಬ ಈ ಔಷಧವು, ಗರ್ಭಾವಸ್ಥೆಯಲ್ಲಿ ಏರಿ ಹೆರಿಗೆಯಾದೊಡನೆ ಕುಸಿಯುವ ಅಲೋಪ್ರೆಗ್ನನೊಲೋನ್ ಎಂಬ ದೇಹಜನ್ಯ ಸ್ಟೀರಾಯ್ಡಿನ ತದ್ರೂಪವಾಗಿದ್ದು, ನರಕೋಶಗಳ ಉದ್ರೇಕವನ್ನು ತಗ್ಗಿಸುವ ಗಾಬಾ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ.

ಇದನ್ನು ರಕ್ತನಾಳದ ಮೂಲಕ ಸತತ 60 ಗಂಟೆ ಡ್ರಿಪ್‌ನಲ್ಲಿ ಕೊಡಬೇಕಿತ್ತು. ಪ್ರಯೋಗಗಳಲ್ಲಿ ಕೆಲವು ಬಾಣಂತಿಯರು ಹಠಾತ್ತನೆ ಪ್ರಜ್ಞೆ ತಪ್ಪಿದ್ದರಿಂದ, ನೋಂದಾಯಿತ ಚಿಕಿತ್ಸಾ ಕೇಂದ್ರಗಳಲ್ಲಿ ಮಾತ್ರ ನೀಡಬೇಕೆಂಬ ನಿರ್ಬಂಧ ಬಂತು. ಬೆರಳಿಗೆ ಸಿಕ್ಕಿಸುವಂಥ ಆಕ್ಸಿಮೀಟರ್ ರಕ್ತದ ಆಮ್ಲಜನಕವನ್ನು ಎಡೆಬಿಡದೆ ಅಳೆಯಬೇಕಿತ್ತು, ಎಚ್ಚರದ ಹೊತ್ತಿನಲ್ಲಿ ಎರಡು ಗಂಟೆಗೊಮ್ಮೆ ಮಂಪರನ್ನು ಪರೀಕ್ಷಿಸಬೇಕಿತ್ತು, ಅದು ಅತಿಯಾದರೆ ಡ್ರಿಪ್ ನಿಲ್ಲಿಸಬೇಕಿತ್ತು, ಮಗು ಬಳಿಯಿರುವಾಗ ಇನ್ನೊಬ್ಬರು ಜೊತೆಗಿರಲೇಬೇಕಿತ್ತು. ಈ ಎಚ್ಚರಿಕೆಗಳು ಅಗತ್ಯವೇ ಆಗಿದ್ದವು. ಆದರೆ ಹಸುಗೂಸಿನ ತಾಯಿಗೆ ಎರಡೂವರೆ ದಿನದ ಆಸ್ಪತ್ರೆವಾಸ, ಅದರ ಮೇಲೆ ಸುಮಾರು 34,000 ಡಾಲರಿನ ಔಷಧದ ಬೆಲೆ, ಸಾಮಾನ್ಯರ ಕೈಗೆಟುಕುವಂಥದ್ದಾಗಿರಲಿಲ್ಲ.

2023ರ ಆಗಸ್ಟ್‌ನಲ್ಲಿ, ಮನೆಯಲ್ಲೇ ಸಂಜೆ ಹೊತ್ತು 14 ದಿನ ನುಂಗುವ ಜುರಾನೊಲೋನ್ ಎಂಬ ಕ್ಯಾಪ್ಸೂಲಿಗೆ ಒಪ್ಪಿಗೆ ಸಿಕ್ಕಿತು. ಅದನ್ನು ಸೇವಿಸಿದ 12 ಗಂಟೆಯೊಳಗೆ ವಾಹನ ಚಲಾಯಿಸಬಾರದೆಂಬ ಎಚ್ಚರಿಕೆ ಅದಕ್ಕೂ ಇದೆ. ಬ್ರೆಕ್ಸನೊಲೋನ್ 2024ರ ಕೊನೆಯಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು.